ಗಡಿ ಮತ್ತು ಭಾಷೆಯ ನಡುವೆ: ಈಮನ್ ಡಿ ವೆಲೆರಾ



ಗಡಿ ಮತ್ತು ಭಾಷೆ ನಮಗೆ ಭಾಷಣದ ವಿಷಯಗಳಲ್ಲ, ದಿನದ ಬದುಕು. ಇವೆರಡನ್ನೂ ಜೀವನವಿಡೀ ತಲೆಯ ಮೇಲೆ ಹೊತ್ತು, ಮೂರು ಅವಧಿಗಳಲ್ಲಿ ಐರ್ಲೆಂಡಿನ ಸರ್ಕಾರ ನಡೆಸಿದ ಈಮನ್ ಡಿ ವೆಲೆರಾ ಅವರನ್ನು ಈ ಸಲ ಪರಿಚಯಿಸುತ್ತಿದ್ದೇವೆ.

ಅವರು ಹುಟ್ಟಿದ್ದು 1882ರ ಅಕ್ಟೋಬರ್ 14ರಂದು, ನ್ಯೂಯಾರ್ಕಿನಲ್ಲಿ. ತಾಯಿ ಐರ್ಲೆಂಡಿನವರು. ಎಳೆಯ ಮಗುವನ್ನು ಸೋದರಮಾವ ತಾಯ್ನಾಡಿಗೆ ಕರೆತಂದರು. ಬ್ರೂರೀ ಎಂಬ ಹಳ್ಳಿಯ ಅಜ್ಜಿಯ ಮನೆಯಲ್ಲಿ ಬೆಳೆದು, ಗಣಿತದ ಮೇಷ್ಟ್ರಾದರು. 1908ರಲ್ಲಿ ಗೇಲಿಕ್ ಲೀಗ್ ಎಂಬ ಭಾಷಾ ಸಂಘ ಸೇರಿ ಐರಿಷ್ ಕಲಿತರು. ಪಾಠ ಹೇಳಿದ ಶಿನೇಡ್ ಅವರನ್ನೇ 1910ರಲ್ಲಿ ಮದುವೆಯಾದರು.

1916ರ ಡಬ್ಲಿನ್ ದಂಗೆಯಲ್ಲಿ ಒಂದು ತುಕಡಿಯ ಮುಖ್ಯಸ್ಥರಾಗಿದ್ದ ಅವರಿಗೆ ಮರಣದಂಡನೆಯಾಯಿತು. ಶಿಕ್ಷೆ ಇಳಿದು ಜೀವ ಉಳಿಯಿತು. 1919ರಲ್ಲಿ ಇಂಗ್ಲೆಂಡಿನ ಲಿಂಕನ್ ಜೈಲಿನಿಂದ ನಕಲಿ ಕೀಲಿಯಿಂದ ಪಾರಾದರು.

1920ರ ಬ್ರಿಟಿಷ್ ಕಾಯ್ದೆ ಉತ್ತರದ ಆರು ಜಿಲ್ಲೆಗಳನ್ನು ಬೇರ್ಪಡಿಸಿತು. ಮರುವರ್ಷದ ಒಪ್ಪಂದವನ್ನು ಡಿ ವೆಲೆರಾ ವಿರೋಧಿಸಿದ್ದು ಗಡಿಗಿಂತ ಹೆಚ್ಚಾಗಿ ರಾಜನಿಷ್ಠೆಯ ಪ್ರಮಾಣದ ಕಾರಣಕ್ಕೆ. ಸಂಸತ್ತು 64–57 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿದರೂ ಅವರು ತಲೆಬಾಗಲಿಲ್ಲ. ಅಂತರ್ಯುದ್ಧ ನಡೆದು ನಿನ್ನೆಯ ಗೆಳೆಯರೇ ಒಬ್ಬರನ್ನೊಬ್ಬರು ಕೊಂದರು. ಅದೇ ಪ್ರಮಾಣದ ಪುಸ್ತಕಕ್ಕೆ 1927ರಲ್ಲಿ ಸಹಿ ಹಾಕಿ ಅವರು ಸಂಸತ್ತು ಸೇರಿದರು. ಐದು ವರ್ಷ ಮೊದಲೇ ಹಾಕಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ ಎಂದು ನಮಗೆ ಅನ್ನಿಸದಿರದು. ಈ ನಡುವೆ ಗಡಿ ಆಯೋಗವೊಂದು ಕೂತು, 1925ರಲ್ಲಿ ಅದರ ವರದಿ ಮೂಲೆಗೆ ಬಿದ್ದು, ಗಡಿ ಇದ್ದಲ್ಲೇ ಉಳಿಯಿತು. ಇಂಥ ಕಥೆ ನಮಗೆ ಹೊಸದಲ್ಲ.

1932ರಲ್ಲಿ ಸರ್ಕಾರದ ಮುಖ್ಯಸ್ಥರಾದ ಅವರು ಮರುವರ್ಷವೇ ಆ ಪ್ರಮಾಣವನ್ನು ರದ್ದು ಮಾಡಿದರು. 1937ರ ಸಂವಿಧಾನ ಅವರ ದೊಡ್ಡ ಕೆಲಸ. ಅದರಲ್ಲಿ ಐರಿಷ್ ಮೊದಲ ಆಡಳಿತ ಭಾಷೆ, ಇಂಗ್ಲಿಷ್ ಎರಡನೆಯದು. 1999ರವರೆಗೆ ಅದರ ಪ್ರಕಾರ ಇಡೀ ದ್ವೀಪವೇ ರಾಷ್ಟ್ರದ ನೆಲವಾಗಿತ್ತು. 1948ರವರೆಗೆ ಸತತ 16 ವರ್ಷ ಆಳಿ, ಎರಡನೇ ಮಹಾಯುದ್ಧದಲ್ಲಿ ದೇಶವನ್ನು ತಟಸ್ಥವಾಗಿಟ್ಟರು. ಆದರೆ ಹಿಟ್ಲರ್ ಸತ್ತಾಗ ಜರ್ಮನ್ ರಾಯಭಾರಿಯ ಬಳಿ ಹೋಗಿ ಸಂತಾಪ ಸೂಚಿಸಿದ್ದು ಅಳಿಸಲಾಗದ ಕಲೆಯಾಯಿತು.

ಅಧಿಕಾರ ಹೋದ ಮೇಲೆ ತಮ್ಮ ನಾಡಿನ ವಿಭಜನೆಯ ವಿರುದ್ಧ ದೇಶದೇಶ ಸುತ್ತಿ, 1948ರ ಜೂನ್‌ನಲ್ಲಿ ದೆಹಲಿಗೂ ಬಂದು ನೆಹರೂ ಅವರನ್ನು ಕಂಡರು. ನಮ್ಮ ದೇಶವೂ ಆಗಷ್ಟೇ ಒಡೆದಿತ್ತು. ಮತ್ತೆ 1951ರಿಂದ 54, 1957ರಿಂದ 59ರವರೆಗೆ ಸರ್ಕಾರ ನಡೆಸಿ, ಬಳಿಕ 14 ವರ್ಷ ರಾಷ್ಟ್ರಾಧ್ಯಕ್ಷರಾಗಿದ್ದರು. ಅಷ್ಟರಲ್ಲಿ ಕಣ್ಣು ಬಹುಮಟ್ಟಿಗೆ ಹೋಗಿತ್ತು. 1975ರ ಆಗಸ್ಟ್ 29ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡಾಗ ಗಡಿ ಹಾಗೆಯೇ ಇತ್ತು. ಐರಿಷ್ ಮನೆಮಾತಾಗಿದ್ದ ಪಶ್ಚಿಮದ ಹಳ್ಳಿಗಳು ವಲಸೆಯಿಂದ ಬರಿದಾಗುತ್ತಿದ್ದವು.

ಸಂವಿಧಾನದ ಮೊದಲ ಸ್ಥಾನವೂ ಮನೆಯೊಳಗಿನ ಮಾತನ್ನು ಕಾಯಲಿಲ್ಲ. ಶಿನೇಡ್ ಮಾತ್ರ ಮಕ್ಕಳಿಗಾಗಿ ಕಥೆ, ನಾಟಕ ಬರೆಯುತ್ತಲೇ ಇದ್ದರು. ಗಡಿಯ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವುದು ನಮ್ಮ ಕೈಯಲ್ಲಿದೆ. ಮುಂದಿನ ಸಭೆಗೆ ಬರುವಾಗ ಮೊಮ್ಮಕ್ಕಳನ್ನೂ ಕರೆತನ್ನಿ.

– ಕಾರ್ಯದರ್ಶಿ