ರಿಪೇರಿಗಾರನ ಗಿಟಾರ್

2019ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಕಪ್ಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್ ಒಂದು 39.75 ಲಕ್ಷ ಡಾಲರಿಗೆ ಮಾರಾಟವಾಯಿತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ದಶಕಗಳ ಕಾಲ ನುಡಿಸಿದ ಫೆಂಡರ್ ಸ್ಟ್ರಾಟೋಕಾಸ್ಟರ್ ಅದು. ಕಾರ್ಖಾನೆಯಿಂದ ಹೊರಬಂದಾಗ ಅದರ ಬಣ್ಣ ಕಪ್ಪಾಗಿರಲಿಲ್ಲ. ನಡುವೆ ಹೊಂಬಣ್ಣ, ಅಂಚಿಗೆ ಸಾಗಿದಂತೆ ಕಪ್ಪಾಗುವ ಸನ್‌ಬರ್ಸ್ಟ್ ಲೇಪದ ಮೇಲೆ ಯಾರೋ ಕಪ್ಪು ಬಳಿದಿದ್ದರು. ಅದರ ನೆಕ್, ಅಂದರೆ ಬೆರಳುಗಳು ಓಡಾಡುವ ಉದ್ದನೆಯ ಭಾಗ, ಹಲವು ಬಾರಿ ಬದಲಾಗಿತ್ತು. ಪಿಕಪ್‌ಗಳೂ ಬದಲಾಗಿದ್ದವು.

ಇದು ಹಳೆಯ ಗಿಟಾರ್‌ಗಳ ಮಾರುಕಟ್ಟೆಯ ನಿಯಮಕ್ಕೆ ತದ್ವಿರುದ್ಧ. ಅಲ್ಲಿ ಮೂಲ ಬಣ್ಣ ಉಳಿದಿರುವ ವಾದ್ಯಕ್ಕೇ ಮನ್ನಣೆ. ಯಾರಾದರೂ ಮರುಬಣ್ಣ ಹಚ್ಚಿದ್ದಾರೆಂದು ಗೊತ್ತಾದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಿಲ್ಮೋರರ ಹೆಸರು ನಿಯಮವನ್ನು ಮೀರಿತು, ಅಷ್ಟೆ. ಆದರೆ ಪ್ರಶ್ನೆ ಉಳಿಯುತ್ತದೆ. ಹಳೆಯ ವಾದ್ಯವನ್ನು ಬಿಚ್ಚಿ, ಸರಿಪಡಿಸಿ, ಹೊಸ ಬಣ್ಣ ಹಚ್ಚುವುದು ಅದಕ್ಕೆ ಮಾಡುವ ಸೇವೆಯೋ, ಅಪಚಾರವೋ? ಇದಕ್ಕೆ ಉತ್ತರ ಹುಡುಕಬೇಕಾದರೆ ಆ ವಾದ್ಯವನ್ನು ರೂಪಿಸಿದ ಲಿಯೊ ಫೆಂಡರ್‌ನ ಬದುಕಿನತ್ತ ನೋಡಬೇಕು.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ತಂದೆತಾಯಿಗೆ ಕಿತ್ತಳೆ ತೋಟವಿತ್ತು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರಿಂದಾಗಿ ಎಡಗಣ್ಣು ಹೋಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣು. ಸೋದರಸಂಬಂಧದ ಹಿರಿಯರೊಬ್ಬರು ಕಳುಹಿಸಿದ ರೇಡಿಯೊ ಬಿಡಿಭಾಗಗಳ ಪೆಟ್ಟಿಗೆ ಹುಡುಗನ ದಾರಿಯನ್ನು ನಿರ್ಧರಿಸಿತು. ಶಾಲೆಯಲ್ಲಿದ್ದಾಗಲೇ ರೇಡಿಯೊ ರಿಪೇರಿ ಆರಂಭಿಸಿದ. ಕಾಲೇಜಿನಲ್ಲಿ ಓದಿದ್ದು ಲೆಕ್ಕಪತ್ರ. ಮಾಡಿದ ಉದ್ಯೋಗಗಳೂ ಅವೇ. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ನೌಕರಿ ಕೈಬಿಟ್ಟಾಗ, 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ.

ಫೆಂಡರ್‌ನ ನಿಜವಾದ ವಿದ್ಯಾಲಯ ಆ ಅಂಗಡಿಯೇ. ಊರೂರು ತಿರುಗುವ ವಾದಕರು ಕೆಟ್ಟ ಆಂಪ್ಲಿಫೈಯರ್, ಧ್ವನಿವರ್ಧಕ, ಗಿಟಾರ್‌ಗಳನ್ನು ತಂದು ಅವನ ಮೇಜಿನ ಮೇಲಿಡುತ್ತಿದ್ದರು. ಯಾವ ಭಾಗ ಮೊದಲು ಕೆಡುತ್ತದೆ, ಯಾವುದನ್ನು ಬಿಚ್ಚಲು ಕಷ್ಟ, ಯಾವ ಜೋಡಣೆ ಬೇಗ ಸಡಿಲುತ್ತದೆ ಎಂಬುದನ್ನು ಆತ ಕಲಿತದ್ದು ಹೀಗೆ. ಬಾಲ್ಯದಲ್ಲಿ ಪಿಯಾನೊ, ಸ್ಯಾಕ್ಸೊಫೋನ್ ಕಲಿತಿದ್ದನಾದರೂ ಗಿಟಾರ್ ನುಡಿಸಲು ಕೊನೆಯವರೆಗೂ ಬರಲಿಲ್ಲ. ಬಹುಶಃ ಅದರಿಂದಲೇ ನುಡಿಸುವವರ ದೂರುಗಳಿಗೆ ಆತ ಅಷ್ಟು ಗಮನವಿಟ್ಟು ಕಿವಿಗೊಟ್ಟ.

1945ರಲ್ಲಿ ಡಾಕ್ ಕಾಫ್‌ಮನ್ ಜತೆ ಸಣ್ಣ ಪ್ರಮಾಣದಲ್ಲಿ ವಾದ್ಯ ತಯಾರಿಕೆ ಆರಂಭವಾಯಿತು. ಮರುವರ್ಷ ಫೆಂಡರ್ ಹೆಸರಿನ ಸ್ವಂತ ಸಂಸ್ಥೆ ಬಂತು. ಟೊಳ್ಳು ಒಡಲಿನ ಗಿಟಾರ್‌ಗೆ ಪಿಕಪ್ ಜೋಡಿಸಿ ಧ್ವನಿ ಏರಿಸಿದರೆ ಅದು ಊಳಿಡುತ್ತಿತ್ತು. ಗಟ್ಟಿ ಮರದ ಹಲಗೆಯನ್ನೇ ಒಡಲಾಗಿಸಿ 1950ರಲ್ಲಿ ಫೆಂಡರ್ ಈ ತೊಂದರೆ ನೀಗಿಸಿದ. ಆ ವಾದ್ಯಕ್ಕೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟಾಗ, ಅದೇ ಉಚ್ಚಾರಣೆಯ ಹೆಸರು ತನ್ನದೆಂದು ಗ್ರೆಚ್ ಕಂಪನಿ ಆಕ್ಷೇಪಿಸಿತು. ಅಂಟುಚೀಟಿಗಳನ್ನು ಎಸೆಯುವ ಬದಲು, ಅವುಗಳಲ್ಲಿದ್ದ ಆ ಪದವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಬಳಸಲಾಯಿತು. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ಬರುವವರೆಗೆ ಮಾರಾಟವಾದ ಆ ಅನಾಮಿಕ ಗಿಟಾರ್‌ಗಳನ್ನು ಸಂಗ್ರಾಹಕರು ನೋಕಾಸ್ಟರ್ ಎಂದು ಕರೆದು ಭಾರಿ ಬೆಲೆ ಕೊಡುತ್ತಾರೆ. ಲೆಕ್ಕಿಗನ ಮಿತವ್ಯಯ ಮುಂದೆ ಅಪರೂಪದ ವಸ್ತುವಾದ ಬಗೆ ಇದು.

ಅದಕ್ಕಿಂತ ಮುಖ್ಯವಾದದ್ದು ವಾದ್ಯದ ರಚನೆ. ಸಾಂಪ್ರದಾಯಿಕ ಗಿಟಾರ್‌ನಲ್ಲಿ ನೆಕ್ಕನ್ನು ಒಡಲಿಗೆ ಅಂಟಿನಿಂದ ಬೆಸೆಯುತ್ತಿದ್ದರು. ಫೆಂಡರ್ ಅದನ್ನು ನಾಲ್ಕು ತಿರುಪುಗಳಿಂದ ಬಿಗಿದ. ಕೆಟ್ಟರೆ ತಿರುಪುಳಿಯೊಂದರಿಂದ ಬಿಚ್ಚಿ ಬೇರೆಯದನ್ನು ಜೋಡಿಸಬಹುದಿತ್ತು. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್‌ನಲ್ಲಿ ಪಿಕಪ್, ಗುಬುಟುಗಳೆಲ್ಲ ಒಂದೇ ಫಲಕಕ್ಕೆ ಜೋಡಣೆಗೊಂಡವು. ಗಿಟಾರಿನ ಅಂಚು ಪಕ್ಕೆಗೆ ಒತ್ತುತ್ತದೆಂದು ವಾದಕರು ದೂರಿದ್ದರಿಂದ ಒಡಲಿನ ಅಂಚುಗಳನ್ನು ಸವರಿ ಬಾಗಿಸಲಾಯಿತು.

ಬಣ್ಣದ ವಿಚಾರದಲ್ಲೂ ಇದೇ ವ್ಯವಹಾರಬುದ್ಧಿ. 1950ರ ದಶಕದ ಉತ್ತರಾರ್ಧದಲ್ಲಿ, ಶೇ 5ರಷ್ಟು ಹೆಚ್ಚು ಹಣ ತೆತ್ತರೆ ಬೇಕಾದ ಬಣ್ಣ ಸಿಗುತ್ತದೆಂದು ಸಂಸ್ಥೆ ಸಾರಿತು. ಅವೆಲ್ಲ ಡುಪಾಂಟ್ ಕಂಪನಿ ಮೋಟಾರು ಕಾರುಗಳಿಗೆಂದು ತಯಾರಿಸುತ್ತಿದ್ದ ಬಣ್ಣಗಳು. ಫಿಯೆಸ್ಟಾ ರೆಡ್ ಬಂದದ್ದು ಫೋರ್ಡ್ ಕಾರಿನಿಂದ, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್‌ನಿಂದ. ಬೇಡಿಕೆ ಬಂದರೆ, ಅದಾಗಲೇ ಸನ್‌ಬರ್ಸ್ಟ್ ಆಗಿದ್ದ ಒಡಲಿನ ಮೇಲೆಯೇ ಬೇರೆ ಬಣ್ಣ ಸಿಂಪಡಿಸಿದ್ದೂ ಉಂಟು. ಅಂದರೆ ಈಗ ಅಪಚಾರವೆನಿಸುವ ಮರುಬಣ್ಣದ ಕೆಲಸ ಫೆಂಡರ್‌ನ ಕಾರ್ಖಾನೆಯಲ್ಲೇ ನಡೆಯುತ್ತಿತ್ತು.

ದೀರ್ಘಕಾಲದ ಸೋಂಕಿನಿಂದ ಬಳಲುತ್ತಿದ್ದ ಫೆಂಡರ್, ಇನ್ನು ಹೆಚ್ಚು ದಿನ ಬದುಕಲಾರೆನೆಂದು ಭಾವಿಸಿ 1965ರ ಜನವರಿಯಲ್ಲಿ ಸಂಸ್ಥೆಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್‌ಗೆ ಮಾರಿದ. ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾದದ್ದು ಮಾರಾಟದ ನಂತರ. ಹೊಸ ಒಡೆತನದಲ್ಲಿ ಉತ್ಪಾದನೆ ಏರಿತು, ಗುಣಮಟ್ಟ ಇಳಿಯಿತು ಎಂಬ ಮಾತು ವಾದಕರಲ್ಲಿ ಹರಡಿತು. ತೆಳುವಾದ ನೈಟ್ರೋಸೆಲ್ಯುಲೋಸ್ ಲ್ಯಾಕರ್‌ನ ಜಾಗಕ್ಕೆ ದಪ್ಪನೆಯ ಪಾಲಿಯೆಸ್ಟರ್ ಬಂತು. 1965ಕ್ಕೆ ಮುಂಚಿನ ಗಿಟಾರ್‌ಗಳು ಪೂಜ್ಯವಾದವು.

ಹಳೆಯ ಲ್ಯಾಕರ್‌ಗೆ ವಯಸ್ಸಾಗುತ್ತದೆ. ಬಿಳಿ ಬಣ್ಣ ಕೆನೆಯಂತಾಗುತ್ತದೆ. ಮೇಲಿನ ಪಾರದರ್ಶಕ ಪದರ ಹಳದಿಗಟ್ಟಿ ನೀಲಿ ಹಸಿರಾಗಿ ತೋರುತ್ತದೆ. ಚಳಿಗೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಇವೆಲ್ಲ ಪ್ರಾಮಾಣಿಕತೆಯ ಗುರುತುಗಳೆಂದು ಪರಿಣತರು ನೇರಳಾತೀತ ದೀಪ ಹಿಡಿದು ಪರೀಕ್ಷಿಸುತ್ತಾರೆ. ಬಣ್ಣ ಸಿಂಪಡಿಸುವಾಗ ಒಡಲನ್ನು ಎತ್ತಿ ನಿಲ್ಲಿಸಲು ಕೆಲಸಗಾರರು ಹೊಡೆಯುತ್ತಿದ್ದ ಸಣ್ಣ ಮೊಳೆಗಳ ತೂತುಗಳನ್ನು ಹುಡುಕುತ್ತಾರೆ. ತೂತು ಬಣ್ಣದಿಂದ ಮುಚ್ಚಿಹೋಗಿದ್ದರೆ ಮೇಲಿನ ಬಣ್ಣ ಮೂಲದ್ದಲ್ಲ. ಬುಡದಲ್ಲಿ ಸೀಸದಕಡ್ಡಿಯಿಂದ ಬರೆದ ತಾರೀಖನ್ನು ಓದಲೆಂದೇ ನೆಕ್ ಕಳಚುತ್ತಾರೆ. ರಿಪೇರಿಗೆಂದು ಹಾಕಿದ ತಿರುಪುಗಳು ಈಗ ತನಿಖೆಗೆ ಒದಗುತ್ತಿವೆ.

ಈ ಎಚ್ಚರಿಕೆ ಅನಗತ್ಯವೆನ್ನಲಾಗದು. ಮರುಬಣ್ಣ ಹಚ್ಚಿದ್ದನ್ನು ಮೂಲದ್ದೆಂದು ಮಾರುವುದು ವಂಚನೆ. ಮೂಲ ಲೇಪವನ್ನು ಒಮ್ಮೆ ಕೆರೆದು ತೆಗೆದರೆ ಅದು ಮರಳಿ ಬಾರದು. ಅದರೊಂದಿಗೆ ಒಂದು ಕಾಲದ ಕುಶಲಕರ್ಮಿಗಳ ಕೈಕೆಲಸದ ಸಾಕ್ಷ್ಯವೂ ಅಳಿಯುತ್ತದೆ. ಆದರೆ ಇದರ ಇನ್ನೊಂದು ಮುಖವೂ ಇದೆ. ಬಣ್ಣ ಹೋದೀತೆಂಬ ಭಯದಲ್ಲಿ ಪೆಟ್ಟಿಗೆಯೊಳಗೆ ಬೀಗ ಹಾಕಿಸಿಕೊಂಡ ಗಿಟಾರ್ ಬಂಡವಾಳವಾಗುತ್ತದೆಯೇ ಹೊರತು ವಾದ್ಯವಾಗಿ ಉಳಿಯುವುದಿಲ್ಲ. ಇನ್ನೊಂದೆಡೆ, 1990ರ ದಶಕದ ಮಧ್ಯದಿಂದ ಫೆಂಡರ್ ಹೆಸರಿನ ಸಂಸ್ಥೆಯೇ ಹೊಸ ಗಿಟಾರ್‌ಗಳ ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ ಹಳತಾಗಿಸಿ ಮಾರಿತು. ಆ ಹೊತ್ತಿಗೆ ಲಿಯೊ ಬದುಕಿರಲಿಲ್ಲ.

ಬದುಕಿದ್ದಷ್ಟು ಕಾಲ ಆತ ತನ್ನ ಹಳೆಯ ಗಿಟಾರ್‌ಗಳ ಆರಾಧಕನಾಗಲಿಲ್ಲ. ಮೊದಲು ಮ್ಯೂಸಿಕ್ ಮ್ಯಾನ್, ಆಮೇಲೆ ಹಳೆಯ ಸಹೋದ್ಯೋಗಿ ಜಾರ್ಜ್ ಫುಲರ್ಟನ್ ಜತೆ ಕಟ್ಟಿದ ಜಿ ಅಂಡ್ ಎಲ್ ಸಂಸ್ಥೆಗಳಲ್ಲಿ ಹೊಸ ಪಿಕಪ್, ಹೊಸ ಬ್ರಿಡ್ಜ್ ರೂಪಿಸುತ್ತಲೇ ಇದ್ದ. ತಾನು ಮಾಡಿದ ವಾದ್ಯಗಳಲ್ಲಿ ಕೊನೆಯವೇ ಉತ್ತಮ ಎಂದು ಬಹಿರಂಗವಾಗಿ ಹೇಳಿಕೊಂಡ. ಪಾರ್ಕಿನ್ಸನ್ ಕಾಯಿಲೆ ಕೈಗಳನ್ನು ನಡುಗಿಸುತ್ತಿದ್ದರೂ ಕೆಲಸದ ಮೇಜು ಬಿಡಲಿಲ್ಲ. ಸಾಯುವ ಹಿಂದಿನ ದಿನವೂ ಅಲ್ಲಿಗೆ ಹೋಗಿದ್ದ. 1991ರ ಮಾರ್ಚ್ 21ರಂದು ಆತ ತೀರಿಕೊಂಡ; ಮರುವರ್ಷ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಗೌರವಿಸಿತು.

ಹಳೆಯ ವಾದ್ಯ ಕೈಗೆ ಬಂದಾಗ ಪಾಲಿಸಬೇಕಾದ ಧರ್ಮ ಈ ಬದುಕಿನಿಂದಲೇ ಸ್ಪಷ್ಟವಾಗುತ್ತದೆ. ಮೂಲ ಲೇಪ ಉಳಿದಿದ್ದರೆ, ಸವೆದಿದ್ದರೂ ಅದನ್ನು ಮುಟ್ಟಬಾರದು. ಸಣ್ಣ ಪೆಟ್ಟಿದ್ದರೆ ಅಷ್ಟಕ್ಕೇ ತೇಪೆ ಸಾಕು. ಹೊಸ ನೈಟ್ರೋ ಲ್ಯಾಕರ್ ಹಳೆಯದರೊಡನೆ ಕರಗಿ ಬೆರೆಯುತ್ತದೆ. ಈ ಹಿಂದೆಯೇ ಯಾರೋ ಬಣ್ಣ ಕಿತ್ತು ಹಾಳುಗೆಡವಿದ ಒಡಲಿಗೆ ಒಳ್ಳೆಯ ಬಣ್ಣ ಹಚ್ಚಿ, ಹಚ್ಚಿದ್ದನ್ನು ಮುಚ್ಚಿಡದೆ ಹೇಳಿ, ವಾದಕನ ಕೈಗೆ ಕೊಡುವುದರಲ್ಲಿ ಯಾವ ತಪ್ಪೂ ಇಲ್ಲ. ಬೆಲೆ ಅರ್ಧಕ್ಕಿಳಿದ ಅಂಥ ಗಿಟಾರ್, ಕೋಟ್ಯಧಿಪತಿಯಲ್ಲದ ವಾದಕನಿಗೂ ದಕ್ಕಬಹುದು. ಲಿಯೊ ಫೆಂಡರ್ ಗಿಟಾರ್‌ಗೆ ತಿರುಪು ಹಾಕಿದ್ದು ಅಂಥವನಿಗಾಗಿಯೇ.