ಮಿದುಳಿನ ಸ್ಕ್ಯಾನ್ ಹಿಂದೆ ನಮ್ಮವರ ಲೆಕ್ಕ: ಜಿ.ಎನ್. ರಾಮಚಂದ್ರನ್ ಜೀವನಗಾಥೆ

ತಲೆಗೆ ಪೆಟ್ಟಾಗಿ ಆಸ್ಪತ್ರೆಗೆ ಹೋದರೆ ಮೊದಲು ಮಾಡಿಸುವುದು ಸಿಟಿ ಸ್ಕ್ಯಾನ್. ಬುರುಡೆ ತೆರೆಯದೆಯೇ ಮಿದುಳಿನ ಚಿತ್ರ ಪರದೆ ಮೇಲೆ ಮೂಡುತ್ತದೆ. ಆ ಚಿತ್ರ ಮೂಡಿಸುವ ಲೆಕ್ಕವನ್ನು ಸುಲಭ ಮಾಡಿಕೊಟ್ಟವರಲ್ಲಿ ಒಬ್ಬರು ಚೆನ್ನೈ, ಬೆಂಗಳೂರುಗಳಲ್ಲಿ ಪಾಠ ಮಾಡಿದ ಪ್ರಾಧ್ಯಾಪಕರು. ಅವರೇ ಜಿ.ಎನ್. ರಾಮಚಂದ್ರನ್.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಹುಟ್ಟಿದ ಅವರಿಗೆ ಗಣಿತ ಮನೆಯಲ್ಲೇ ಸಿಕ್ಕಿತ್ತು. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಆದರೆ ಸರ್ ಸಿ.ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತಶಾಸ್ತ್ರಕ್ಕೆ ಬದಲಾದರು. ರಾಮನ್ ಗರಡಿಯಲ್ಲಿ ಕಲಿತಿದ್ದು ಬೆಳಕು, ಹರಳು ಮತ್ತು ಎಕ್ಸ್‌-ರೇ. ಮುಂದೆ ಕೇಂಬ್ರಿಜ್‌ನಲ್ಲೂ ಸಂಶೋಧನೆ ಮಾಡಿ ಬಂದರು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ವಯಸ್ಸು ಮೂವತ್ತರ ಆಸುಪಾಸು. ಅವರ ಬದುಕಿನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಭೌತಶಾಸ್ತ್ರ ಓದಿ ಬಂದ ಹುಡುಗರನ್ನು ಅವರು ಜೀವಿಗಳ ದೇಹದೊಳಗಿನ ಪ್ರೊಟೀನ್‌ಗಳ ಕಡೆಗೆ ತಿರುಗಿಸಿದರು. ಆಗ ಇದು ಯಾರೂ ಅಷ್ಟಾಗಿ ತುಳಿಯದ ಹಾದಿ. 1954ರಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ, ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜನ್ ಮೂರೆಳೆಯ ಸುರುಳಿ ಎಂದು ತೋರಿಸಿದರು. 1963ರಲ್ಲಿ ಶಿಷ್ಯರಾದ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜೊತೆ ಪ್ರಕಟಿಸಿದ 'ರಾಮಚಂದ್ರನ್ ನಕ್ಷೆ' ಇಂದಿಗೂ ಜೀವರಸಾಯನಶಾಸ್ತ್ರದ ಪಠ್ಯಗಳಲ್ಲಿದೆ.

ಮದ್ರಾಸ್ ಬಿಟ್ಟು ಬೆಂಗಳೂರಿಗೆ ಮರಳಿದ ಮೇಲೆ, 1971ರಲ್ಲಿ ಎ.ವಿ. ಲಕ್ಷ್ಮಿನಾರಾಯಣನ್ ಜೊತೆ ಬರೆದ ಪ್ರಬಂಧವೇ ಸ್ಕ್ಯಾನ್‌ಗೆ ಸಂಬಂಧಿಸಿದ್ದು. ಒಂದು ವಸ್ತುವಿನ ನೆರಳನ್ನು ಹಲವು ಕೋನಗಳಿಂದ ಹಿಡಿದು ಹಾಗೇ ಜೋಡಿಸಿದರೆ ಚಿತ್ರ ಮಸುಕಾಗುತ್ತದೆ. ಪ್ರತಿ ನೆರಳನ್ನೂ ಮೊದಲು ಒಂದು ಗಣಿತದ ಜರಡಿಯಲ್ಲಿ ಸೋಸಿ ಆಮೇಲೆ ಜೋಡಿಸಿದರೆ ಚಿತ್ರ ಸ್ಪಷ್ಟ, ಕಂಪ್ಯೂಟರ್‌ಗೆ ಕೆಲಸವೂ ಕಡಿಮೆ. ಅದೇ ವರ್ಷ ಲಂಡನ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿಟಿ ಸ್ಕ್ಯಾನ್ ನಡೆಯಿತು.

1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕೊರ್ಮ್ಯಾಕ್ ಪಾಲಾಯಿತು. ಅದು ಅವರಿಗೆ ಸಲ್ಲಬೇಕಾದದ್ದೇ. ಇವರಿಬ್ಬರ ಹೆಸರು ಮಾತ್ರ 'ರಾಮ್-ಲ್ಯಾಕ್ ಫಿಲ್ಟರ್' ಆಗಿ ಸಾಫ್ಟ್‌ವೇರ್‌ಗಳಲ್ಲಿ ಉಳಿದಿದೆ. ಎಕ್ಸ್‌-ರೇ ಬದಲು ಬೆಳಕನ್ನೇ ಹಾಯಿಸಿ ಇಲಿಮರಿಯ ಪುಟ್ಟ ಮಿದುಳಿನ ಮೂರು ಆಯಾಮದ ಚಿತ್ರ ತೆಗೆಯುವ ಆಪ್ಟಿಕಲ್ ಪ್ರೊಜೆಕ್ಷನ್ ಟೊಮೊಗ್ರಫಿಯಲ್ಲೂ ಇದೇ ಬಗೆಯ ಲೆಕ್ಕ ನಡೆಯುತ್ತದೆ. ಈ ಉಪಕರಣ ಕಲಿಯುವ ಯುವ ಸಂಶೋಧಕರು ಮೆನುವಿನಲ್ಲಿ ಆ ಹೆಸರು ಒತ್ತುತ್ತಾರೆ. ಅದು ಯಾರದೆಂದು ಎಷ್ಟು ಜನ ವಿಚಾರಿಸುತ್ತಾರೋ!

ಚೆನ್ನೈನಲ್ಲಿ ಅವರು ತೋರಿದ ಹಾದಿಯಲ್ಲಿ ಈಗ ಜನ ಹೆಚ್ಚಾಗಿದ್ದಾರೆ. ಐಐಟಿ ಮದ್ರಾಸ್‌ನ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರದಲ್ಲಿ ಎಂಜಿನಿಯರ್‌ಗಳು ವೈದ್ಯರ ಜೊತೆ ಕೂತು, ಮಾನವ ಮಿದುಳಿನ ತೆಳು ಪದರಗಳ ಸೂಕ್ಷ್ಮ ಚಿತ್ರ ತೆಗೆಯುತ್ತಾರೆ.

ಕೊನೆಯ ವರ್ಷಗಳಲ್ಲಿ ರಾಮಚಂದ್ರನ್ ಅವರನ್ನು ಕಾಡಿದ್ದು ಮಿದುಳಿನದೇ ಕಾಯಿಲೆಯಾದ ಪಾರ್ಕಿನ್ಸನ್. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ರಾಮಚಂದ್ರನ್ ನಿಧನರಾದರು. ಅವರಿಗೆ 78 ವರ್ಷವಾಗಿತ್ತು.