ನಗದೆ ನಗಿಸಿದ ನಿಕುಲಿನ್

ಇತಿಹಾಸದ ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಪಾಠ ನಡೆಯುತ್ತಿದ್ದಾಗ ಲೆನಿನ್‌ಗ್ರಾಡ್ ನಗರದ ಮುತ್ತಿಗೆಯ ಮಾತು ಬಂದಿತು. ಅಧ್ಯಾಪಕರು ಬರೆಯಿಸಿದ ಟಿಪ್ಪಣಿಗೆ ಇನ್ನಷ್ಟು ಸೇರಿಸೋಣವೆಂದು ಆ ಸಂಜೆ ಹುಡುಕುತ್ತ ಕುಳಿತ ನನಗೆ ಸಿಕ್ಕಿದ್ದು ಒಬ್ಬ ವಿದೂಷಕನ ಹೆಸರು. ಆ ನಗರವನ್ನು ಕಾಯುತ್ತ ವಿಮಾನನಾಶಕ ಫಿರಂಗಿಗಳ ಬಳಿ ನಿಂತಿದ್ದ ಸಿಪಾಯಿಗಳಲ್ಲಿ ಒಬ್ಬನು ಮುಂದೆ ಸೋವಿಯತ್ ದೇಶವನ್ನೆಲ್ಲ ನಗಿಸಿದ ನಟನಾದನೆಂದು ಅಲ್ಲಿ ಬರೆದಿತ್ತು. ಪರೀಕ್ಷೆಯಲ್ಲಿ ಇದರಿಂದ ಅರ್ಧ ಅಂಕವೂ ದೊರೆಯದೆಂದು ಬಲ್ಲೆ. ಆದರೂ ಅವನನ್ನು ಬಿಡಲು ನನ್ನಿಂದ ಆಗಲಿಲ್ಲ.

ಯೂರಿ ವ್ಲದೀಮಿರೊವಿಚ್ ನಿಕುಲಿನ್ ಹುಟ್ಟಿದ್ದು ೧೯೨೧ನೆಯ ಇಸವಿ ಡಿಸೆಂಬರ್ ೧೮ರಂದು, ಸ್ಮೊಲೆನ್ಸ್ಕ್ ಸೀಮೆಯ ದೆಮೀದೊವ್ ಎಂಬ ಸಣ್ಣ ಊರಿನಲ್ಲಿ. ತಂದೆತಾಯಿಗಳಿಬ್ಬರೂ ಆ ಊರಿನ ರಂಗಶಾಲೆಯ ನಟರು. ಮಗುವಿಗೆ ನಾಲ್ಕು ವರ್ಷವಾಗುವಷ್ಟರಲ್ಲಿ ಸಂಸಾರ ಮಾಸ್ಕೋ ಸೇರಿತು. ತಂದೆ ಪತ್ರಿಕೆಗಳಿಗೆ ಬರೆಯುತ್ತಿದ್ದನು, ಸರ್ಕಸ್ಸಿಗೆ ಪ್ರಹಸನಗಳನ್ನು ಹೊಸೆದುಕೊಡುತ್ತಿದ್ದನು. ಮಗನಿಗೂ ನಗೆಚಾಟಿಕೆಗಳ ಹುಚ್ಚು ಹತ್ತಿತು. ಕೇಳಿದ ಒಂದೊಂದನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸವಾಯಿತು. ಆ ಮನೆಯಲ್ಲಿ ಅನ್ನಕ್ಕಿಂತ ನಗೆಯೇ ಹೆಚ್ಚಾಗಿತ್ತೇನೋ ಎಂದು ನನಗೆ ತೋರುತ್ತದೆ.

೧೯೩೯ರಲ್ಲಿ ಶಾಲೆ ಮುಗಿಯಿತು. ಅದೇ ವರ್ಷ ನವೆಂಬರಿನಲ್ಲಿ ಸೈನ್ಯದ ಕರೆ ಬಂದಿತು. ಹೋದವನು ಮನೆಗೆ ಬಂದದ್ದು ೧೯೪೬ರ ಮೇ ತಿಂಗಳಲ್ಲಿ. ಹದಿನೆಂಟು ತುಂಬುವ ಮೊದಲೇ ಹೋಗಿ ಇಪ್ಪತ್ತನಾಲ್ಕಕ್ಕೆ ಬಂದನೆಂದು ಬರೆಯಲು ಒಂದು ಸಾಲು ಸಾಕು. ಆದರೆ ಈಗ ನಾನು ಅದೇ ವಯಸ್ಸಿನ ನಡುವೆ ನಿಂತಿದ್ದೇನೆ. ನಾವು ಕಾಲೇಜಿನಲ್ಲಿ ಕಳೆಯುವ ವರ್ಷಗಳಷ್ಟನ್ನೂ, ಅದರ ಮೇಲೆ ಇನ್ನಷ್ಟನ್ನೂ ಅವನು ಫಿರಂಗಿಯ ಪಕ್ಕದಲ್ಲಿ ಕಳೆದನು. ಮೊದಲು ಬಂದದ್ದು ಫಿನ್ಲೆಂಡಿನೊಡನೆ ನಡೆದ ಚಳಿಗಾಲದ ಯುದ್ಧ. ಹಿಮದಲ್ಲಿ ಟೆಲಿಫೋನಿನ ತಂತಿ ಎಳೆಯುವ ಕೆಲಸದಲ್ಲಿ ಅವನ ಕಾಲುಗಳು ಮರಗಟ್ಟಿ ಕೆಟ್ಟವು. ೧೯೪೧ರಲ್ಲಿ ಜರ್ಮನರು ಮೇಲೆ ಬಿದ್ದಾಗ ಅವನ ದಳ ಲೆನಿನ್‌ಗ್ರಾಡಿನ ಬಳಿ ಸೆಸ್ತ್ರೊರೆತ್ಸ್ಕ್ ಕಡೆಯಲ್ಲಿತ್ತು. ಮುತ್ತಿಗೆ ೮೭೨ ದಿನ ನಡೆಯಿತು. ಮೊದಲನೆಯ ಚಳಿಗಾಲದಲ್ಲಿ ನಗರದ ಸಾಮಾನ್ಯ ಜನರಿಗೆ ದಿನಕ್ಕೆ ೧೨೫ ಗ್ರಾಮು ರೊಟ್ಟಿ ಸಿಗುತ್ತಿದ್ದ ವಾರಗಳಿದ್ದವು. ಅದರಲ್ಲಿಯೂ ಹಿಟ್ಟಿನೊಡನೆ ಬೆರಕೆ ಬಹಳ. ಸಿಪಾಯಿಗಳ ಪಾಲು ಇದಕ್ಕಿಂತ ಹೆಚ್ಚಾಗಿತ್ತಾದರೂ ಹಸಿವು ಅವರನ್ನೂ ಬಿಡಲಿಲ್ಲ. ೧೯೪೩ರಲ್ಲಿ ನಿಕುಲಿನ್ ಶ್ವಾಸಕೋಶದ ಉರಿಯೂತದಿಂದ ಆಸ್ಪತ್ರೆ ಸೇರಿದನು. ಚೇತರಿಸಿಕೊಂಡ ಮೇಲೆ ಗುಂಡಿನ ಸ್ಫೋಟದ ಆಘಾತಕ್ಕೆ ಸಿಕ್ಕಿ ಮತ್ತೆ ಮಲಗಿದನು. ಯುದ್ಧ ಮುಗಿದಾಗ ಅವನು ಲಾಟ್ವಿಯಾದ ಕಡೆ ಇದ್ದನು. ಧೈರ್ಯಕ್ಕಾಗಿ ಒಂದು ಪದಕ, ಲೆನಿನ್‌ಗ್ರಾಡಿನ ರಕ್ಷಣೆಗಾಗಿ ಒಂದು ಪದಕ ಬಂದವು. ಇಷ್ಟರ ನಡುವೆಯೂ ಗೆಳೆಯರಿಗೆ ಚಾಟಿಕೆ ಹೇಳುವುದನ್ನು ನಿಲ್ಲಿಸಲಿಲ್ಲ. ಶಾಂತಿಯಾದ ಮೇಲೆ ದಳದಲ್ಲಿಯೇ ಮನರಂಜನೆಯ ಕಾರ್ಯಕ್ರಮಗಳನ್ನು ಏರ್ಪಡಿಸಿದಾಗ, ಜನರನ್ನು ನಗಿಸುವ ಶಕ್ತಿ ತನಗಿದೆಯೆಂಬುದು ಅವನಿಗೆ ಮನದಟ್ಟಾಯಿತು.

ಆ ನಂಬಿಕೆಯನ್ನು ಹೊತ್ತು ಅವನು ಮಾಸ್ಕೋದ ಚಲನಚಿತ್ರ ವಿದ್ಯಾಲಯದ ಬಾಗಿಲಿಗೆ ಹೋದನು. ಅಲ್ಲಿನ ಪರೀಕ್ಷಕರು ಇವನು ಸಿನಿಮಾಕ್ಕೆ ತಕ್ಕವನಲ್ಲವೆಂದರು. ಅಲ್ಲಿಂದ ನಾಟಕದ ವಿದ್ಯಾಲಯಗಳಿಗೆ ಹೋದನು. ಅಲ್ಲಿಯೂ ಅದೇ ಗತಿ. ಒಂದು ಆಯ್ಕೆಯಲ್ಲಿ, ನನ್ನ ಮಾತಿನಲ್ಲಿ ಊರಿನ ವಾಸನೆ ಹೊಡೆಯುತ್ತದೆಂಬ ಕಾರಣಕ್ಕೆ ಹಿಂದೆ ಬಂದವನು ನಾನು. ಆ ದಿನ ಬಸ್ಸು ಹತ್ತಿ ಊರಿಗೆ ಬರುವಾಗ ಅಪ್ಪನಿಗೆ ಏನು ಹೇಳುವುದೆಂಬ ಚಿಂತೆಯೊಂದೇ ಇತ್ತು. ಏಳು ಚಳಿಗಾಲಗಳನ್ನು ಸೈನ್ಯದಲ್ಲಿ ಕಳೆದು ಬಂದ ಮಗನು ತಂದೆಗೆ ಏನು ಹೇಳಿದನೋ! ಆದರೆ ಆ ತಂದೆ ಸರ್ಕಸ್ಸನ್ನು ಬಲ್ಲವನು. ವಿದೂಷಕರನ್ನು ತಯಾರಿಸುವ ಶಾಲೆಗೆ ಅಭ್ಯರ್ಥಿಗಳು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಮಗನನ್ನು ಅತ್ತ ತಿರುಗಿಸಿದವನು ಅವನೇ. ತ್ಸ್ವೆತ್ನೊಯ್ ಬೀದಿಯ ಹಳೆಯ ಸರ್ಕಸ್ಸಿನ ಆ ಶಾಲೆಗೆ ನಿಕುಲಿನ್ ಸೇರಿದನು. ೧೯೪೮ರ ಅಕ್ಟೋಬರಿನಲ್ಲಿ ಮೊದಲ ಸಲ ಅಖಾಡಕ್ಕೆ ಇಳಿದಾಗ ಆಡಿದ್ದು ತಂದೆ ಬರೆದುಕೊಟ್ಟ ಪ್ರಹಸನವನ್ನೇ.

ಆ ಕಾಲಕ್ಕೆ ರಷ್ಯದ ಸರ್ಕಸ್ಸಿನಲ್ಲಿ ಕರಂದಾಶ್ ಎಂಬ ವಿದೂಷಕನದೇ ದೊಡ್ಡ ಹೆಸರು. ಆ ಮಾತಿಗೆ ಸೀಸದ ಕಡ್ಡಿಯೆಂದು ಅರ್ಥ. ನಿಕುಲಿನ್ ಅವನ ಕೈಕೆಳಗೆ ಕೆಲಸ ಮಾಡುವಾಗ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕರಂದಾಶನಿಗೆ ಆಟಕ್ಕೆಂದು ಒಂದು ಕುಳ್ಳಗಾಲಿನ ಕುದುರೆ ಬೇಕಾಗಿತ್ತು. ಅಂಥದು ಮಾಸ್ಕೋದ ಕೃಷಿ ವಿದ್ಯಾಲಯದ ಲಾಯದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ತಾತ್ಯಾನಾ ಎಂಬ ವಿದ್ಯಾರ್ಥಿನಿಯೂ ಒಬ್ಬಳು. ನಿಕುಲಿನ್ ಆಕೆಯನ್ನು ಸರ್ಕಸ್ಸು ನೋಡಲು ಕರೆದನು. ಆಕೆ ಬಂದ ದಿನವೇ ಅಖಾಡದಲ್ಲಿ ಕುದುರೆಯ ಕಾಲಿಗೆ ಸಿಕ್ಕಿ ಅವನಿಗೆ ಪೆಟ್ಟಾಗಿ ಆಸ್ಪತ್ರೆ ಸೇರಬೇಕಾಯಿತು. ತಾನೇ ಇದಕ್ಕೆ ನಿಮಿತ್ತಳಾದೆನೋ ಎಂಬಂತೆ ಆಕೆ ನೋಡಲು ಬಂದಳು; ಬರುತ್ತಲೇ ಇದ್ದಳು. ಆರು ತಿಂಗಳಲ್ಲಿ ಮದುವೆಯಾಯಿತು. ಮುಂದೆ ಆಕೆಯೂ ಅವನೊಡನೆ ಸರ್ಕಸ್ಸಿನಲ್ಲಿ ಆಡಿದಳು.

೧೯೫೦ರಲ್ಲಿ ಕರಂದಾಶನನ್ನು ಬಿಟ್ಟು ನಿಕುಲಿನ್ ತನ್ನ ಜೊತೆಗಾರ ಮಿಖಾಯಿಲ್ ಶುಯ್ದಿನನೊಡನೆ ಬೇರೆಯಾದನು. ಶುಯ್ದಿನ್ ಯುದ್ಧದಲ್ಲಿ ಟ್ಯಾಂಕಿನ ಸೈನಿಕನಾಗಿದ್ದವನು. ಬೆಂಕಿಯಲ್ಲಿ ಮುಖ ಸುಟ್ಟುಕೊಂಡವನು. ಆ ಸುಟ್ಟ ಮುಖಕ್ಕೆ ಬಣ್ಣ ಬಳಿದುಕೊಂಡು ಅವನು ಚುರುಕಾಗಿ, ಎಲ್ಲ ಬಲ್ಲವನಂತೆ ಓಡಾಡುವನು. ಉದ್ದ ಮೋರೆಯ ನಿಕುಲಿನ್ ಏನೂ ತಿಳಿಯದ ಮಂಕನಂತೆ, ತಾನು ಮಾತ್ರ ಒಂದಿಷ್ಟೂ ನಗದೆ ನಿಲ್ಲುವನು. ಇಬ್ಬರೂ ಒಂದು ಮರದ ದಿಮ್ಮಿಯನ್ನು ಹೊತ್ತು ಒಬ್ಬರಿಗೊಬ್ಬರು ತಗಲಿ ಪಡುವ ಪಾಡು ಬಹುಕಾಲ ಜನಪ್ರಿಯವಾಗಿತ್ತು. ಈ ಜೋಡಿ ಮೂರು ದಶಕ ನಡೆಯಿತು. ಮಕ್ಕಳನ್ನು ನಗಿಸುತ್ತಿದ್ದ ಆ ಇಬ್ಬರೂ ಯುದ್ಧದಿಂದ ಬದುಕಿ ಬಂದವರೆಂಬುದನ್ನು ನೋಡುತ್ತಿದ್ದವರಲ್ಲಿ ಎಷ್ಟು ಮಂದಿ ನೆನೆದರೋ.

ಸಿನಿಮಾಕ್ಕೆ ತಕ್ಕವನಲ್ಲವೆನಿಸಿಕೊಂಡವನು ಸಿನಿಮಾಕ್ಕೆ ಬಂದದ್ದು ೧೯೫೮ರಲ್ಲಿ, ಒಂದು ಸಣ್ಣ ಪಾತ್ರದಿಂದ. ೧೯೬೧ರಲ್ಲಿ ಲಿಯೊನೀದ್ ಗೈದಾಯ್ ಎಂಬ ನಿರ್ದೇಶಕನು ಹತ್ತು ನಿಮಿಷದ ಒಂದು ಚಿತ್ರ ತೆಗೆದನು. ಹೊಳೆಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯಲು ಹೊರಟ ಮೂವರು ಕಳ್ಳರು. ಎಸೆದ ಸಿಡಿಮದ್ದನ್ನು ಬಾಯಲ್ಲಿ ಕಚ್ಚಿಕೊಂಡು ಮರಳಿ ತರುವ ಅವರ ನಾಯಿ ಬಾರ್ಬೋಸ್. ಆಮೇಲೆ ಓಟವೋ ಓಟ! ಮಾತೇ ಇಲ್ಲ. ನಿಕುಲಿನನ ಮೋರೆ ಇದ್ದಂತೆಯೇ ನಗೆ ಬರಿಸುತ್ತದೆಂದು ಗೈದಾಯ್ ಹೆಚ್ಚಿನ ವೇಷ ಹಾಕಿಸಲಿಲ್ಲ. ದೊಡ್ಡ ರೆಪ್ಪೆಗೂದಲು ಅಂಟಿಸಿ, ಕಣ್ಣು ಪಿಳಿಪಿಳಿ ಬಿಡೆಂದನು, ಅಷ್ಟೆ. ವೀತ್ಸಿನ್, ಮೊರ್ಗುನೊವ್, ನಿಕುಲಿನ್ ಎಂಬ ಮೂವರ ಹೆಸರು ಮನೆಮಾತಾಯಿತು.

ರಜೆಯಲ್ಲಿ ಊರಿಗೆ ಹೋದಾಗ ಈ ಚಿತ್ರವನ್ನು ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಅಪ್ಪ ಓದುಬರಹ ಬಲ್ಲವರಲ್ಲ. ನಾನು ಪಟ್ಟಣದಲ್ಲಿ ಓದುವುದೇನೆಂದು ಅವರಿಗೆ ಬಿಡಿಸಿ ಹೇಳಲು ನನಗೆ ಎಂದೂ ಆಗಿಲ್ಲ. ಇಲ್ಲಿ ಬಿಡಿಸಿ ಹೇಳಬೇಕಾದದ್ದು ಏನೂ ಇರಲಿಲ್ಲ. ನಾಯಿ ಸಿಡಿಮದ್ದು ಹಿಡಿದು ಬೆನ್ನಟ್ಟಿದಾಗ ಅವರು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆ ಉದ್ದ ಮೋರೆಯವನು ಯಾರೆಂದು ಕೇಳಿದರು. ನನ್ನ ಮೂರು ವರ್ಷದ ಓದಿನಲ್ಲಿ ಅಪ್ಪನೊಡನೆ ಕುಳಿತು ಹಂಚಿಕೊಂಡ ಮೊದಲ ಪಾಠ ಅದು.

ಆಮೇಲೆ ಗೈದಾಯನ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ೧೯೬೯ರ ‘ವಜ್ರದ ಕೈ’ ಚಿತ್ರದ ಕಥೆಯನ್ನು ನಿಕುಲಿನನಿಗೆಂದೇ ಬರೆದರು. ಹಡಗಿನ ಪ್ರವಾಸಕ್ಕೆ ಹೋದ ಬಡಪಾಯಿ ನೌಕರನೊಬ್ಬನ ಕೈಗೆ ಕಳ್ಳಸಾಗಣೆದಾರರು ತಪ್ಪುತಿಳಿದು ಒಡವೆಗಳನ್ನಿಟ್ಟು ಸುಣ್ಣದ ಪಟ್ಟಿ ಕಟ್ಟುವ ಕಥೆ. ಸೋವಿಯತ್ ಚಿತ್ರಮಂದಿರಗಳಲ್ಲಿ ಇದಕ್ಕೆ ಏಳೂವರೆ ಕೋಟಿಗೂ ಮೀರಿ ಟಿಕೆಟುಗಳು ಮಾರಿದವು.

ಆದರೆ ನನಗೆ ಹೆಚ್ಚು ಹತ್ತಿರವಾದದ್ದು ಬೇರೊಂದು. ಕುಲಿದ್ಜಾನೊವ್ ನಿರ್ದೇಶಿಸಿದ ‘ಮರಗಳು ದೊಡ್ಡವಾಗಿದ್ದಾಗ’ ಚಿತ್ರ ೧೯೬೨ರಲ್ಲಿ ಬಂದಿತು. ಹೆಂಡತಿ ಸತ್ತ ಮೇಲೆ ಕುಡಿತಕ್ಕೆ ಬಿದ್ದು, ಮಾಸ್ಕೋದಲ್ಲಿ ಅಲೆಯುವ ಕುಜ್ಮಾ ಎಂಬವನು, ಹಳ್ಳಿಯೊಂದರಲ್ಲಿ ಯುದ್ಧದಿಂದ ಅನಾಥಳಾದ ಹುಡುಗಿಯಿದ್ದಾಳೆಂದು ಕೇಳಿ, ತಾನೇ ಅವಳ ತಂದೆಯೆಂದು ಸುಳ್ಳು ಹೇಳಿಕೊಂಡು ಹೋಗುತ್ತಾನೆ. ಅವಳು ನಂಬುತ್ತಾಳೆ. ನಂಬಿದವಳ ಮುಂದೆ ಅವನು ಪಡುವ ನಾಚಿಕೆಯನ್ನು ನಿಕುಲಿನ್ ಆ ಮಂಕು ಮೋರೆಯಲ್ಲಿಯೇ ತೋರಿಸುತ್ತಾನೆ. ನಗೆಗೆಂದು ಬಳಸಿದ ಮುಖ ಅದೇ. ಬೇರೆ ಯಾವುದನ್ನೂ ಅವನು ತೊಟ್ಟುಕೊಳ್ಳಲಿಲ್ಲ. ತಾರ್ಕೋವ್‌ಸ್ಕಿಯ ‘ಅಂದ್ರೇಯ್ ರುಬ್ಲ್ಯೋವ್’ ಚಿತ್ರದಲ್ಲಿ, ಚಿತ್ರಹಿಂಸೆಗೆ ಸಿಕ್ಕರೂ ಗುಡಿಯ ಹೊನ್ನಿರುವ ಎಡೆಯನ್ನು ಬಾಯಿಬಿಡದ ಸನ್ಯಾಸಿಯೂ ಇವನೇ ಎಂದರೆ ನನ್ನ ಗೆಳೆಯರು ನಂಬಲಿಲ್ಲ.

ಕೊನೆಗೆ ಯುದ್ಧವೂ ಅವನನ್ನು ಹುಡುಕಿಕೊಂಡು ಬಂದಿತು. ೧೯೭೫ರಲ್ಲಿ ಬೊಂದಾರ್ಚುಕನ ‘ಅವರು ತಾಯ್ನಾಡಿಗಾಗಿ ಹೋರಾಡಿದರು’ ಚಿತ್ರದಲ್ಲಿ ಸಿಪಾಯಿಯಾದನು. ಮರುವರ್ಷ ಅಲೆಕ್ಸೇಯ್ ಗೆರ್ಮಾನನ ‘ಯುದ್ಧವಿಲ್ಲದ ಇಪ್ಪತ್ತು ದಿನಗಳು’ ಚಿತ್ರದಲ್ಲಿ ಯುದ್ಧರಂಗದಿಂದ ರಜೆಯ ಮೇಲೆ ತಾಷ್ಕೆಂಟಿಗೆ ಹೋಗುವ ಪತ್ರಕರ್ತ ಲೊಪಾತಿನನಾದನು. ಇಂಥ ಗಂಭೀರ ಪಾತ್ರಕ್ಕೆ ಸರ್ಕಸ್ಸಿನ ಕೋಡಂಗಿಯೇ ಎಂದು ಅಧಿಕಾರಿಗಳು ಮೂಗು ಮುರಿದರು. ಕಥೆಯ ಲೇಖಕ ಸೀಮೊನೊವ್ ಇವನ ಪಕ್ಷ ಬಿಡಲಿಲ್ಲ. ಆ ಚಿತ್ರದಲ್ಲಿ ನಿಕುಲಿನ್ ಏನನ್ನೂ ನಟಿಸುವಂತೆ ಕಾಣುವುದಿಲ್ಲ. ದಣಿದ ಮನುಷ್ಯನೊಬ್ಬನು ರೈಲಿನಲ್ಲಿ ಕುಳಿತು ಎದುರಿನವನ ಕಷ್ಟವನ್ನು ಸುಮ್ಮನೆ ಕೇಳುತ್ತಾನೆ.

ಅರುವತ್ತಕ್ಕೆ ಅಖಾಡದಿಂದ ಇಳಿದು ಅದೇ ಸರ್ಕಸ್ಸಿನ ಮುಖ್ಯಸ್ಥನಾದನು. ೧೮೮೦ರ ಆ ಹಳೆಯ ಕಟ್ಟಡ ಶಿಥಿಲವಾಗಿತ್ತು. ೧೯೮೫ರಲ್ಲಿ ಅದನ್ನು ಕೆಡವಿ, ೧೯೮೯ರಲ್ಲಿ ಹೊಸದನ್ನು ತೆರೆಯುವವರೆಗೆ ಅವನು ಮಾಡಿದ ಓಡಾಟ ಬಹಳ. ಹೊಸ ಕಟ್ಟಡವನ್ನು ಕಟ್ಟಿಕೊಟ್ಟದ್ದು ಫಿನ್ಲೆಂಡಿನ ಕಂಪನಿ. ಮರಗಟ್ಟಿದ ಆ ಕಾಲುಗಳು ನನಗೆ ಇಲ್ಲಿ ನೆನಪಾದವು. ಶುಯ್ದಿನ್ ಅದನ್ನು ನೋಡಲಿಲ್ಲ, ೧೯೮೩ರಲ್ಲಿಯೇ ತೀರಿಕೊಂಡಿದ್ದನು.

೧೯೯೭ರ ಆಗಸ್ಟ್ ೨೧ರಂದು, ಹೃದಯದ ಚಿಕಿತ್ಸೆಯ ನಂತರ ಚೇತರಿಸಿಕೊಳ್ಳದೆ ನಿಕುಲಿನ್ ಸತ್ತನು. ಜನರು ಕೊನೆಯ ದರ್ಶನಕ್ಕೆ ಬಂದದ್ದು ಸರ್ಕಸ್ಸಿಗೇ. ೨೦೦೦ದಲ್ಲಿ ಅದರ ಮುಂದಿನ ಬೀದಿಯಲ್ಲಿ ಅವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ವಿದೂಷಕನ ವೇಷದಲ್ಲಿದ್ದಾನೆ, ಪಕ್ಕದಲ್ಲಿ ಚಿತ್ರವೊಂದರಲ್ಲಿ ಬಂದ ಹಳೆಯ ತೆರೆದ ಕಾರು, ಅದೂ ಕಂಚಿನದೇ. ಅದರೊಳಗೆ ಮಕ್ಕಳು ಹತ್ತಿ ಕುಳಿತಿರುವ ಪಟವೊಂದನ್ನು ನೋಡಿದೆ. ಈ ಸಲ ಊರಿಗೆ ಹೋದಾಗ ಅಪ್ಪನಿಗೆ ತೋರಿಸಬೇಕೆಂದು ಅದನ್ನು ಇಟ್ಟುಕೊಂಡಿದ್ದೇನೆ.